ಇದ್ದಲಿ ಮೋಟರಿನ ಬಾಡಿಗಿ

"ಒಂದು ಬುಟ್ಟಿ ಶೇಂಗಾ ಉಂಡಿಗೆ ಎಂಟಾಣೆ ಬಾಡಿಗೇನೋ ಮಲ್ಲಣ್ಣ? ಹೋದ ಸಂತಿಗೆ ನಾಕಾಣೆ ಇತ್ತಲ್ಲ."

"ನಾ ಏನ್ ಮಾಡ್ಲಿ ಮಹಾಂತಕ್ಕ? ಇದ್ದಲಿ ತುಟ್ಟಿ ಆಗೈತ್ರಿ."

ಮಹಾಂತಮ್ಮ ಭಜಿ ಕರಿಯುವ ಝಾರಿ ಕೆಳಗಿಟ್ಟಳು. ಮಕ್ತಲಿನಲ್ಲಿ ಮೋಟರು ನಿಲ್ಲುವ ಕಡೆ ಅವಳದು ಚಹಾ, ಭಜಿಯ ಅಂಗಡಿ. ವಾರಕ್ಕೊಮ್ಮೆ ಉಂಡಿಯ ಬುಟ್ಟಿ ನಾರಾಯಣಪೇಟೆ ಸಂತೆ ಮುಟ್ಟಿದರೇನೇ ಮನೆ ನಡೆಯುತ್ತಿತ್ತು. ಮಹಾಯುದ್ಧದಿಂದಾಗಿ ಪೆಟ್ರೋಲು ಸಿಗದಂತಾದ ಮೇಲೆ ಮಲ್ಲಣ್ಣ ಮೋಟರಿನ ಬೆನ್ನಿಗೊಂದು ಕಬ್ಬಿಣದ ಒಲೆ ಕಟ್ಟಿಸಿ, ಇದ್ದಿಲಿನ ಹೊಗೆಯಿಂದ ಅದನ್ನು ಓಡಿಸುತ್ತಿದ್ದ. ಓಡಿಸುತ್ತಿದ್ದ ಎನ್ನುವುದು ಅವನ ಮಾತು. ಕೂತವರ ಮಾತು ಬೇರೆ ಇತ್ತು.

"ಇದ್ದಲಿ ಯಾಕ ತುಟ್ಟಿ ಆತು?"

"ಮಂದಿ ಭಾಳ ಕೊಳ್ಳಾಕ ಹತ್ಯಾರ್ರಿ."

"ಯಾವ ಮಂದಿ?"

ಮಲ್ಲಣ್ಣ ಚಹಾದ ಬಟ್ಟಲಿನೊಳಗೆ ನೋಡತೊಡಗಿದ.

"ನಾರ್ವ ಹಳ್ಳಿಯಿಂದ ಬರೋ ಇದ್ದಲಿ ಗಾಡಿನ ಊರ ಹೊರಗ ನಿಂತು ಹಿಡಿಯಾಂವ ನೀ. ನನಗ ಒಂದು ಚೀಲ ಬೇಕಂದ್ರ ದುಪ್ಪಟ್ಟು ಕೊಡಬೇಕು. ತುಟ್ಟಿ ಮಾಡಿದಾಂವನೂ ನೀ, ತುಟ್ಟಿ ಆತಂತ ಬಾಡಿಗಿ ಏರಿಸಿದಾಂವನೂ ನೀ. ನಡುವ ಬೇಯಾಕ ಹತ್ತಿದಾಕಿ ನಾನು."

"ಹಂಗಾದ್ರ ನೀವೂ ಚಹಾ ಏರಿಸ್ರಿ."

"ಏರಿಸೀನಿ. ನೀ ಕುಡಿದದ್ದು ಹೊಸಾ ದರದ್ದ."

"ಮೊದಲ ಹೇಳಬಾರದೇನ್ರಿ? ಗಂಟಲಾಗ ಇಳಿದ ಮ್ಯಾಲ ಹೇಳಿದ್ರ ಹೆಂಗ?"

ಅಷ್ಟರಲ್ಲಿ ಮೋಟರಿನಲ್ಲಿ ಕೂತಿದ್ದ ಕುರುಬರ ಯಂಕಣ್ಣ ಕಂಬಳಿ ಸರಿಸಿ ಕೂಗಿದ. "ಮಲ್ಲಣ್ಣ, ನಿನ್ನ ಒಲಿ ಆರೈತಿ ನೋಡಪ್ಪ."

ಮಲ್ಲಣ್ಣ ಓಡಿಹೋಗಿ ನೋಡಿದ. ಒಲೆಯಲ್ಲಿ ಬೂದಿ, ಚೀಲದಲ್ಲಿ ಗಾಳಿ.

"ನಾರ್ವದ ಗಾಡಿ ಇನ್ನೂ ಬಂದಿಲ್ಲೇನು?"

"ಬರಂಗಿಲ್ಲ," ಎಂದ ಯಂಕಣ್ಣ. "ರಾಯಚೂರಾಗ ನಿನಗಿಂತ ಹೆಚ್ಚು ಕೊಡೋ ಮೋಟರಿನವರು ಸಿಕ್ಕಾರಂತ."

ಮಲ್ಲಣ್ಣ ಮೆಲ್ಲಗೆ ಅಂಗಡಿಗೆ ಮರಳಿದ. ಮಹಾಂತಮ್ಮನ ಒಲೆಯ ಪಕ್ಕದಲ್ಲಿ ಒಂದು ತುಂಬಿದ ಇದ್ದಿಲ ಚೀಲವಿತ್ತು.

"ಮಹಾಂತಮ್ಮಾರ," ಎಂದ.

'ಅಕ್ಕ' ಹೋಗಿ 'ಅಮ್ಮಾರ' ಬಂದಿದ್ದು ಅವಳ ಕಿವಿಗೆ ತಂಪಾಯಿತು. ಆದರೆ ಚೀಲ ಕೊಟ್ಟರೆ ಇವತ್ತು ಅಂಗಡಿ ಮುಚ್ಚಬೇಕು. ಕೊಡದಿದ್ದರೆ ಉಂಡಿ ಇಲ್ಲೇ ಕೂಡಬೇಕು. ಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಂಡಳು.

"ಕೊಡ್ತೀನಿ. ದೀಪಾವಳಿ ತನಕ ನನ್ನ ಬುಟ್ಟಿಗೆ ಬಾಡಿಗಿ ಇಲ್ಲ. ನಾರ್ವದ ಗಾಡಿ ಬಂದಾಗ ಮೊದಲನೇ ಚೀಲ ನಂದು."

"ದೀಪಾವಳಿ ಭಾಳ ದೂರ ಐತ್ರಿ."

"ನಾರಾಯಣಪೇಟಿ ಇನ್ನೂ ದೂರ ಐತಿ, ನಡಕೊಂತ ಹೋಗೋರಿಗೆ."

ಮಲ್ಲಣ್ಣ ಒಪ್ಪಿದ. ಮಹಾಂತಮ್ಮ ಅಂಗಡಿಗೆ ಬಿದಿರಿನ ತಟ್ಟಿ ಮುಚ್ಚಿದಳು. ಹೇಗೂ ಒಲೆಯಿಲ್ಲ, ತಾನೇ ಸಂತೆಗೆ ಹೋಗಿ ಮಾರಿದರಾಯಿತು ಎಂದು ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಮೋಟರು ಕೆಮ್ಮಿತು, ಹೊರಟಿತು. ಊರು ದಾಟಿ ಮೊದಲ ಏರಿನಲ್ಲೇ ನಿಂತಿತು. ಯಂಕಣ್ಣ ಮತ್ತು ಉಳಿದವರೆಲ್ಲ ಇಳಿದು, ಕೊಟ್ಟ ಬಾಡಿಗೆಯನ್ನು ಬೈದುಕೊಳ್ಳುತ್ತ ನೂಕತೊಡಗಿದರು.

ಮಲ್ಲಣ್ಣ ಸ್ಟೇರಿಂಗ್ ಚಕ್ರ ಹಿಡಿದುಕೊಂಡೇ ಪಕ್ಕಕ್ಕೆ ತಿರುಗಿದ. "ಮಹಾಂತಮ್ಮಾರ, ನೀವೂ ಜರಾ ಇಳೀರಿ. ಗಾಡಿಗೆ ಭಾರ ಆಗತೈತಿ."

"ಇದ್ದಲಿ ಹಾಕಿದಾಕಿ ನಾನು, ನೂಕೋರು ಅವರು," ಎಂದಳು ಮಹಾಂತಮ್ಮ. "ಭಾರ ಆಗಿದ್ರ ನೀನ ಇಳಿಯೋ."