ಪಾಚಿ ತಿನ್ನುವ ಬಾಡಿಗೆದಾರ

ಜನರನ್ನು ಅಳೆಯುವುದರಲ್ಲಿ ಹೊಸ ತಿಪ್ಪಸಂದ್ರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ನಮ್ಮ ಮಹಡಿಗೆ ಬಾಡಿಗೆಗೆ ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ, ಎಷ್ಟು ಜನ, ಏನು ಕೆಲಸ, ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ ಎಂದೆಲ್ಲ ಕೇಳುತ್ತೇನೆ. ಉತ್ತರ ಬರುವುದರೊಳಗೆ ಮುಖ ನೋಡಿಯೇ ತೀರ್ಮಾನಿಸಿಬಿಡುತ್ತೇನೆ. ಇಂಥ ನಾನು ಒಂದು ಮೀನನ್ನು ಆರಿಸಲು ಹೋಗಿ ಕೆಟ್ಟೆ.

ನಮ್ಮ ನಡುಮನೆಯಲ್ಲಿ ಒಂದು ಸಣ್ಣ ಅಕ್ವೇರಿಯಂ ಇದೆ. ಕಿಟಕಿಯ ಬಿಸಿಲಿಗೆ ಗಾಜಿನ ತುಂಬ ಪಾಚಿ ಬೆಳೆದು, ಒಳಗೆ ಮೀನುಗಳಿವೆ ಎಂದು ಬಂದವರಿಗೆ ಬಾಯಲ್ಲಿ ಹೇಳಬೇಕಾಗಿತ್ತು. ಉಜ್ಜುವುದು ನನ್ನ ಪಾಲಿನ ಕೆಲಸ; ಪಾಚಿ ಬೆಳೆದದ್ದೂ ಅದಕ್ಕೇ. ಕಡೆಗೊಂದು ದಿನ ಹೆಂಡತಿ ಶಾರದಾ ಹೇಳಿದಳು: "ನಮ್ಮಕ್ಕ ಬರೋಷ್ಟರಲ್ಲಿ ಆ ಗಾಜು ಫಳಫಳ ಅನ್ಬೇಕು. ಇಲ್ಲಾಂದ್ರೆ ಮೀನನ್ನೆಲ್ಲ ಯಾರಿಗಾದ್ರೂ ಕೊಟ್ಬಿಟ್ಟು ಅದ್ರಲ್ಲಿ ಮಣ್ಣು ತುಂಬಿ ಕೊತ್ತಂಬರಿ ಹಾಕ್ತೀನಿ." ಅವಳು ಹೇಳಿದ್ದನ್ನು ಮಾಡುವವಳು. ಆಫೀಸಿನಿಂದ ಬಂದು ಆ ಮೀನುಗಳ ಮುಂದೆ ಸುಮ್ಮನೆ ಕೂರುವುದೊಂದೇ ನನಗಿರುವ ಸುಖ. ನಿಜವಾಗಿಯೂ ಹೆದರಿದೆ. ಉಜ್ಜುವ ಬದಲು ಉಜ್ಜುವವರನ್ನೇ ತರೋಣವೆಂದು ಶಿವಾಜಿನಗರದ ಬಣ್ಣದ ಮೀನಿನ ಅಂಗಡಿಗೆ ಹೊರಟೆ.

ಪಾಚಿ ತಿನ್ನುವ ಕ್ಯಾಟ್‌ಫಿಶ್‌ಗಳು ಅಲ್ಲಿ ಮೂರು ಬಗೆ ಇದ್ದವು. ಮೊದಲನೆಯವು ಬೆರಳುದ್ದದ ಸಣಕಲು ಮೀನುಗಳು. "ಇವು ಒಂದೊಂದೇ ಇರಲ್ಲ ಸಾಬ್, ಐದಾರು ಸೇರಿದ್ರೇನೇ ಖುಷಿ," ಎಂದರು ಅಂಗಡಿಯ ಭಾಯಿ. ಬ್ಯಾಚುಲರ್‌ಗಳ ಗುಂಪು! ಬೇಡವೆಂದೆ. ಎರಡನೆಯದಕ್ಕೆ ಮೂತಿಯ ತುಂಬ ಗಡ್ಡದಂಥ ಕುಚ್ಚು. "ನಿಮ್ಮ ಚಿಕ್ಕ ಟ್ಯಾಂಕ್‌ಗೆ ಇದೇ ಸರಿ ಸಾಬ್. ಹಗಲು ಕಟ್ಟಿಗೆ ಕೆಳಗೆ ಮಲಗ್ತದೆ, ರಾತ್ರಿ ಕೆಲ್ಸ ಮಾಡ್ತದೆ." ನೈಟ್ ಶಿಫ್ಟಿನವರನ್ನು ನಾನು ಮಹಡಿಗೇ ಸೇರಿಸುವುದಿಲ್ಲ. ಮೂರನೆಯದು ಚುಕ್ಕಿ ಮೈಯ ಗುಂಡನೆಯ ಮೀನು, ನನ್ನ ಕಣ್ಣೆದುರೇ ಗಾಜಿಗೆ ಬಾಯಿ ಹಚ್ಚಿ ದುಡಿಯುತ್ತಿತ್ತು. "ಇದು ಭಾಳ ದೊಡ್ಡದಾಗ್ತದೆ ಸಾಬ್, ಆಮೇಲೆ ಪಾಚಿ ಗೀಚಿ ಜಾಸ್ತಿ ತಿನ್ನಲ್ಲ," ಎಂದು ಭಾಯಿ ಹೇಳುತ್ತಲೇ ಇದ್ದರು. ನಾನು ಆಗಲೇ ಮುಖ ನೋಡಿ ತೀರ್ಮಾನಿಸಿಯಾಗಿತ್ತು.

ಮನೆಗೆ ಬಂದ ದಿನ ಅದು ಪ್ರಾಮಾಣಿಕವಾಗಿ ಪಾಚಿ ತಿಂದಿತು. ಮರುದಿನ ಶಾರದಾ, "ಪಾಪ, ಬರೀ ಪಾಚಿ ತಿಂದ್ರೆ ಹೊಟ್ಟೆ ತುಂಬತ್ತೇನ್ರೀ?" ಎಂದು ಕೋಸಂಬರಿಗೆ ತಂದಿದ್ದ ಸೌತೆಕಾಯಿಯಿಂದ ಒಂದು ಬಿಲ್ಲೆ ಕೊಯ್ದು ಹಾಕಿದಳು. ಅಲ್ಲಿಗೆ ಮುಗಿಯಿತು. ಸೌತೆಕಾಯಿಯ ರುಚಿ ಕಂಡವರು ಪಾಚಿಯ ಕಡೆ ಯಾಕೆ ತಿರುಗುತ್ತಾರೆ? ಅದು ಮೂಲೆ ಹಿಡಿದು ಮುಂದಿನ ಬಿಲ್ಲೆಯ ದಾರಿ ಕಾಯತೊಡಗಿತು. ಸಾಲದ್ದಕ್ಕೆ ಉಳಿದ ಮೀನುಗಳೆಲ್ಲ ಸೇರಿ ಮಾಡುವುದಕ್ಕಿಂತ ಹೆಚ್ಚು ಗಲೀಜನ್ನು ಅದೊಂದೇ ಮಾಡುತ್ತಿತ್ತು.

ನಾನೇ ಆರಿಸಿ ತಂದದ್ದು ಶುದ್ಧ ಸೋಮಾರಿ ಎಂದು ಯಾವ ಬಾಯಲ್ಲಿ ಒಪ್ಪಿಕೊಳ್ಳಲಿ? ಬೆಳಗ್ಗೆ ಶಾರದಾ ಹಾಲು ತರಲು ಹೋದ ಹೊತ್ತು ನೋಡಿ, ತೋಳು ಮಡಚಿ ನಾನೇ ದಿನಾ ಗಾಜು ಉಜ್ಜತೊಡಗಿದೆ. ಮೀನು ಮೂಲೆಯಿಂದ ಮೇಲ್ವಿಚಾರಣೆ ನಡೆಸುತ್ತಿತ್ತು.

ಒಂದು ಬೆಳಗ್ಗೆ ನಾನು ಉಜ್ಜಿ ಮುಗಿಸಿದ ಬೆನ್ನಲ್ಲೇ ಅಕ್ಕ ಬಂದರು. ಗಾಜು ಫಳಫಳ ಎನ್ನುತ್ತಿತ್ತು. ಕೊತ್ತಂಬರಿಯ ಗಂಡಾಂತರ ಕಳೆಯಿತೆಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ, ಶಾರದಾ ಹೆಮ್ಮೆಯಿಂದ ಮೀನನ್ನು ತೋರಿಸಿ ಅಂದಳು: "ನೋಡಕ್ಕ, ಸದ್ದಿಲ್ಲ ಗದ್ದಲ ಇಲ್ಲ, ತನ್ನ ಪಾಡಿಗೆ ತಾನು ಕೆಲ್ಸ ಮಾಡ್ಕೊಂಡಿರತ್ತೆ. ಮನೇಲಿ ಇವರೂ ಇದ್ದಾರೆ!"

ನಾನು ಒದ್ದೆ ತೋಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಅಡುಗೆಮನೆಗೆ ಹೋಗಿ, ಮೀನಿಗೆ ಇನ್ನೊಂದು ಬಿಲ್ಲೆ ಸೌತೆಕಾಯಿ ಕೊಯ್ದು ತಂದೆ.