ಕಾಗೆಗೆ ಕೊಟ್ಟ ಮಾತು

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಎದ್ದಾಗ ಸುಮೇಧಾಳಿಗೆ ನೆನಪಾದದ್ದು ಗಂಡನಲ್ಲ, ಸ್ಟೀಲ್ ಡಬ್ಬಿಯಲ್ಲಿ ಉಳಿದಿದ್ದ ಆಂಬೊಡೆ.

ಅಡುಗೆಮನೆಯಲ್ಲಿ ನಿಂತೇ ತಿಂದಳು. ಮದ್ರಾಸಿನ ವೇಲಚೇರಿಯ ಆ ಅಪಾರ್ಟ್‌ಮೆಂಟಿನ ಗೋಡೆಗಳು ಹಪ್ಪಳದಷ್ಟು ತೆಳು. ಕುರುಂ ಕುರುಂ ಸದ್ದು ಪಕ್ಕದ ಅಂಬುಜಾ ಮಾಮಿಗೆ ಕೇಳಿಸಿದರೆ ಮಾನ ಹೋದೀತೆಂದು ಪ್ರತಿ ತುತ್ತನ್ನೂ ಬಾಯಲ್ಲೇ ನೆನೆಸಿ ನೆನೆಸಿ ನುಂಗಿದಳು.

ಗಂಡ ಅಜಯ್ ತೀರಿಹೋದದ್ದು ಆಫೀಸಿನಲ್ಲಿ, ಲಿಫ್ಟಿಗೆ ಕಾಯುತ್ತ ನಿಂತಲ್ಲೇ. ಯಾರಿಗೂ ತೊಂದರೆ ಕೊಟ್ಟವನಲ್ಲ, ಲಿಫ್ಟಿಗೂ ಕೊಡಲಿಲ್ಲ. ಆವತ್ತಿನಿಂದ ಸುಮೇಧಾ ಅತ್ತಿರಲಿಲ್ಲ. ಅಳು ಬರಲಿಲ್ಲ, ಹಸಿವು ಮಾತ್ರ ಹೊತ್ತು ಹೊತ್ತಿಗೆ ಬರುತ್ತಿತ್ತು. ಅದೇ ಅವಳ ನಾಚಿಕೆ.

ಆ ಹಸಿವೇ ನಿನ್ನೆ ಎಡವಟ್ಟು ಮಾಡಿತ್ತು. ವೈಕುಂಠ ಸಮಾರಾಧನೆಯ ದಿನ ತಾರಸಿಯ ಗೋಡೆಯ ಮೇಲೆ ಕಾಗೆಗೆಂದು ಎಲೆ ಇಟ್ಟಿದ್ದರು. ಕಾಗೆ ಬಂತು, ಎಲೆ ನೋಡಿತು, ಸಂಬಂಧ ಒಪ್ಪಿಗೆಯಾಗದ ಗಂಡಿನ ಕಡೆಯವರ ಹಾಗೆ ಮುಖ ತಿರುಗಿಸಿ ಕೂತಿತು. ಕಾಗೆ ಮುಟ್ಟದೆ ಯಾರೂ ಉಣ್ಣುವ ಹಾಗಿಲ್ಲ. "ಹುಡುಗನಿಗೆ ಏನೋ ಆಸೆ ಉಳಿದಿದೆ" ಎಂದರು ಹಿರಿಯರು. ಅತ್ತೆ ಕೈಮುಗಿದು, "ನಿನ್ನ ತಮ್ಮನ ಮದುವೆ ಮಾಡ್ತೀನಪ್ಪ" ಎಂದರು. ಕಾಗೆ ರೆಕ್ಕೆ ಕೆರೆದುಕೊಂಡಿತು. ಮಾವ, "ತಿರುಪತಿಗೆ ಹೋಗಿ ಬರ್ತೀವಿ" ಎಂದರು. ಕಾಗೆ ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತಿತು. ಬಿಸಿಲು ನೆತ್ತಿ ಸುಡುತ್ತಿತ್ತು, ಕೆಳಗಿನಿಂದ ಹಯಗ್ರೀವದ ಸಿಹಿ ಪರಿಮಳ ಬರುತ್ತಿತ್ತು. ಸುಮೇಧಾಳ ಬಾಯಿಂದ ತಾನಾಗಿಯೇ ಹೊರಟಿತು: "ಏನೇ ಆಸೆ ಇರ್ಲಿ, ನಾನು ತೀರಿಸ್ತೀನಿ."

ಕಾಗೆ ತಟ್ಟನೆ ಇಳಿದು ಎಲೆಗೆ ಬಾಯಿ ಹಾಕಿತು. ಹೆಂಗಸರೆಲ್ಲ ಕಣ್ಣೊರೆಸಿಕೊಂಡು, "ಎಂಥಾ ಹೆಂಡತಿ!" ಎಂದರು. ಬೇಗ ಎಲೆ ಹಾಕಲಿ ಎಂದು ಆಡಿದ ಮಾತು ಅದು ಅಂತ ಯಾರಿಗೂ ತಿಳಿಯಲಿಲ್ಲ.

ಆಂಬೊಡೆಯ ಕೈ ತೊಳೆಯುವಷ್ಟರಲ್ಲಿ ಅಜಯ್‌ನ ಫೋನು ಬಡಿದುಕೊಂಡಿತು. ಅಭ್ಯಾಸಬಲದಿಂದ ಅದನ್ನಿನ್ನೂ ಅವಳು ಚಾರ್ಜಿಗೆ ಹಾಕುತ್ತಿದ್ದಳು.

"ಅಜಯ್ ಸರ್ ಇದಾರಾ? ನಾನು ಪಲ್ಲಾವರಂನಿಂದ ಗುರುಚರಣ. ಆ ಪಿಸ್ಟಲ್ ವಿಷಯ. ಬೇರೆಯವರು ಕೇಳ್ತಿದಾರೆ, ಸರ್ ಮಾತು ಕೊಟ್ಟಿದಾರಲ್ಲ ಅಂತ ಇಟ್ಕೊಂಡು ಕೂತಿದೀನಿ."

"ಯಾವ ಪಿಸ್ಟಲ್?"

"ಕಾಂಪ್ಯಾಕ್ಟ್ ಅಮ್ಮಾ, ಪುಟ್ಟದು. ಸೆಕೆಂಡ್ ಹ್ಯಾಂಡೇ, ಆದ್ರೆ ಸಿಂಗಲ್ ಓನರ್. ಸರ್ ಕೈಗೆ ಹೇಳಿ ಮಾಡಿಸಿದಂಗಿತ್ತು. ಮನೇಲಿ ಒಂದು ಮಾತು ಕೇಳಿ ಬರ್ತೀನಿ ಅಂದ್ರು. ಕೇಳಿದ್ರಾ?"

"ಇಲ್ಲ."

"ಹಾಗಾದ್ರೆ ಈಗ ಕೇಳಕ್ಕೆ ಹೇಳಿ."

ಅವಳು ವಿಷಯ ಹೇಳಿದಳು. ಗುರುಚರಣ ಮೆಲ್ಲಗೆ, "ಅಯ್ಯೋ ದೇವ್ರೇ. ತುಂಬ ಆಸೆ ಪಟ್ಟಿದ್ರು ಅಮ್ಮಾ" ಎಂದರು.

ಆಸೆ! ಸುಮೇಧಾ ಕುರ್ಚಿ ಎಳೆದು ಕೂತಳು. ಜಿರಲೆ ಕಂಡರೆ ಅದು ಆರಾಮವಾಗಿ ದಾಟಿ ಹೋಗಲಿ ಎಂದು ಕಾಲೆತ್ತಿ ಕೂರುತ್ತಿದ್ದ ಮನುಷ್ಯನಿಗೆ ಪಿಸ್ತೂಲಿನ ಆಸೆ! ಯಾರನ್ನು ಹೊಡೆಯಲಿಕ್ಕೆ? ಮನೆಯಲ್ಲಿದ್ದವರು ಇಬ್ಬರೇ.

ಅವನನ್ನು ನೋಯಿಸಿದ್ದನ್ನೆಲ್ಲ ನೆನಪಿಸಿಕೊಂಡಳು. ಅಡ್ಯಾರಿನ ಇನ್ಶೂರೆನ್ಸ್ ಆಫೀಸಿಗೆ ಅವಳು ಬೇಗ ಹೊರಡಬೇಕಾದ್ದರಿಂದ ಬಟ್ಟೆ ಒಣಹಾಕುವ ಕೆಲಸ ಅವನದಾಗಿತ್ತು. ಸಾಯುವ ಸ್ವಲ್ಪ ದಿನಗಳ ಹಿಂದೆ ನೆತ್ತಿಗೆ ಪ್ಲಾಸ್ಟರ್ ಹಾಕಿಕೊಂಡಿದ್ದ. ಕೇಳಿದರೆ, "ತಾರಸಿ ಬಾಗಿಲು ತಗುಲಿತು" ಎಂದಿದ್ದ. ಆ ಬಾಗಿಲು ಏಳಡಿ, ಇವನು ಐದೂಕಾಲಡಿ! ಅವಳು ನಕ್ಕು ನಕ್ಕು ಇಡೀ ಎ ಬ್ಲಾಕಿಗೆ ಹೇಳಿಕೊಂಡು ಬಂದಿದ್ದಳು. ಲಿಫ್ಟಿನಲ್ಲಿ ಯಾರೇ ಸಿಕ್ಕರೂ, "ಸರ್, ಬಾಗಿಲು ಹುಷಾರು!" ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ಅಷ್ಟಕ್ಕೆ ಪಿಸ್ತೂಲೇ?

"ಯಾರೇ ಅದು ಫೋನಲ್ಲಿ? ಪಿಸ್ತೂಲು ಅಂತ ಕೇಳಿಸ್ತು." ಅಂಬುಜಾ ಮಾಮಿ ಕಾಫಿ ಲೋಟದ ಸಮೇತ ಒಳಗೆ ಬಂದೇಬಿಟ್ಟಿದ್ದರು. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿರುವ ಮನೆತನದವರು. ಅವರ ಕಿವಿ ಬಾವಲಿಯದು, ಬಾಯಿ ರೇಡಿಯೋದ್ದು.

ಸುಮೇಧಾಳಿಗೆ ಸುಳ್ಳು ಹೇಳಲು ತೋಚಲಿಲ್ಲ. ಕೇಳಿದ ಮಾಮಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯಯ್ಯೋ! ಕಾಗೆಗೆ ಮಾತು ಕೊಟ್ಟಾಯ್ತಲ್ಲೇ! ಇದೇ ಕಣೇ ಆ ಆಸೆ. ಪಿಸ್ತೂಲೋ ಪೀರಂಗಿಯೋ, ತೊಗೊಂಡೇ ತೀರ್ಬೇಕು. ಇಲ್ಲಾಂದ್ರೆ ಆ ಹುಡುಗನಿಗೆ ಸದ್ಗತಿ ಹೇಗೆ?"

ಮಾಮಿ ಮನೆಗೆ ಹಿಂತಿರುಗುವಷ್ಟರಲ್ಲಿ ಸುದ್ದಿ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪನ್ನು ತಲುಪಿತ್ತು. ಕಸದ ಚೀಲ ಹಿಡಿದು ಸುಮೇಧಾ ಕೆಳಗಿಳಿದರೆ, ಯಾರಿಗೂ ಕುರ್ಚಿ ಬಿಟ್ಟು ಏಳದ ವಾಚ್‌ಮನ್ ಎದ್ದು ಸಲ್ಯೂಟ್ ಹೊಡೆದ. ಮೂರನೆಯ ಮಹಡಿಯ ಕಲಾವತಿ, ದಿನವೂ ಬಾಗಿಲಿಗೆ ಅಡ್ಡ ನಿಲ್ಲಿಸುತ್ತಿದ್ದ ಸ್ಕೂಟಿಯನ್ನು ಹೇಳದೆಯೇ ಸರಿಸಿದಳು. ನಾಚಿಕೆಯಿಂದ ಸುಮೇಧಾಳ ಮುಖ ಕೆಂಡವಾಯಿತು.

ಆಮೇಲೆ ಬಂದರು ತಿರುಮಲೇಶ ಮಾಮ. ಬಿ ಬ್ಲಾಕಿನವರು, ಸಂಘದ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರು. ಈ ಸೂತಕದ ದಿನಗಳಲ್ಲಿ ಅವರಷ್ಟು ತಪ್ಪದೆ ಬಂದವರಿಲ್ಲ. ಬಂದವರು ಚಪ್ಪಲಿ ಗೂಡಿನ ಹತ್ತಿರವೇ ಬಹಳ ಹೊತ್ತು ನಿಲ್ಲುತ್ತಿದ್ದರು. ಏನೋ ಹೇಳಲು ಬಾಯಿ ತೆರೆದು, ಹೇಳದೆ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ದುಃಖಕ್ಕೆ ಗಂಟಲು ಕಟ್ಟುತ್ತದೆ ಪಾಪ ಎಂದುಕೊಂಡಿದ್ದಳು ಸುಮೇಧಾ. ಗೂಡಿನ ಮೇಲೆ ಚಪ್ಪಲಿಗಳ ಜೊತೆಗೆ ಒಂದು ಕೆಂಪು ಹೆಲ್ಮೆಟ್ಟೂ ಇತ್ತು. ಒಣಗಿದ ಬಟ್ಟೆಯ ಬುಟ್ಟಿಯ ತಳದಲ್ಲಿ ಸಿಕ್ಕಿದ್ದು. ಮನೆಯಲ್ಲಿ ಗಾಡಿ ಇಲ್ಲ. ಬಂದ ನೆಂಟರಲ್ಲಿ ಯಾರೋ ಬಿಟ್ಟದ್ದಿರಬೇಕು ಎಂದು ಅಲ್ಲಿಟ್ಟಿದ್ದಳು.

"ಏನಮ್ಮಾ ಇದು?" ಎಂದರು ತಿರುಮಲೇಶ ಮಾಮ, ಕಣ್ಣು ಗೂಡಿನ ಮೇಲೆ. "ನಮ್ಮ ನಿಯಮದಲ್ಲಿ ನಾಯಿ ಸಾಕಕ್ಕೇ ಅನುಮತಿ ಬೇಕು. ನಾಳೆ ಪೊಲೀಸ್ ಬಂದ್ರೆ ಸೆಕ್ರೆಟರಿ ತಾನೇ ಮೊದಲು ಒಳಗೆ ಹೋಗೋದು?"

"ಧರ್ಮಕ್ಕಿಂತ ನಿಮ್ಮ ನಿಯಮ ದೊಡ್ಡದಾ?" ಮಾಮಿ ಗೋಡೆಯ ಆಚೆಯಿಂದಲೇ ಕೂಗಿದರು. "ಕಾಗೆಗೆ ಮಾತು ಕೊಟ್ಟಿದಾಳೆ ಅವಳು!"

"ಕಾಗೆ ಏನು ಕೋರ್ಟಿಗೆ ಹೋಗತ್ತಾ?"

"ನೀವು ಹೋದ್ಮೇಲೆ ನಿಮ್ಮ ಎಲೇನ ಅದು ಮುಟ್ಟಬೇಕಲ್ಲ, ಆಗ ಗೊತ್ತಾಗತ್ತೆ!"

ಹೋಗಿ ನೋಡಿಕೊಂಡಾದರೂ ಬರೋಣ ಎಂದು ತೀರ್ಮಾನವಾಯಿತು. ಮೂವರೂ ಆಟೋ ಹತ್ತಿದರು.

ದಾರಿಯುದ್ದಕ್ಕೂ ಅವರಿಬ್ಬರ ವಾದ ನಿಲ್ಲಲಿಲ್ಲ. ಇವರ ಕನ್ನಡದಲ್ಲಿ ಆಟೋದವನಿಗೆ ಅರ್ಥವಾಗುತ್ತಿದ್ದದ್ದು ಒಂದೇ ಮಾತು. ಅದು ನಾಲ್ಕನೆಯ ಸಲ ಕಿವಿಗೆ ಬಿದ್ದಾಗ ಬ್ರೇಕ್ ಒತ್ತಿದ. "ಪಿಸ್ಟಲ್ಲಾ? ಎರಂಗುಂಗಮ್ಮಾ, ಎರಂಗುಂಗ! ನಾನು ಪುಳ್ಳಕುಟ್ಟಿಕಾರನ್!" ಹೆಂಡತಿ ಮಕ್ಕಳಿರುವವನು ಎಂದು ಕೈಮುಗಿದು, ಬಾಡಿಗೆಯನ್ನೂ ಕೇಳದೆ ಮೂವರನ್ನೂ ನಡುರಸ್ತೆಯಲ್ಲಿ ಇಳಿಸಿ ಓಡಿಯೇಹೋದ.

"ಆಟೋದವನು ದುಡ್ಡು ಬಿಟ್ಟು ಹೋದದ್ದು ಮದ್ರಾಸಲ್ಲಿ ಇದೇ ಮೊದಲು" ಎಂದರು ಮಾಮಿ, ತುಸು ಹೆಮ್ಮೆಯಿಂದ.

ಬಸ್ಸಿನಲ್ಲಿ ಶುಕ್ರವಾರದ ಪಲ್ಲಾವರಂ ಸಂತೆಯ ಜನ ಕಿಕ್ಕಿರಿದಿದ್ದರು. ಯಾರದೋ ಕೋಳಿಬುಟ್ಟಿ ತಿರುಮಲೇಶ ಮಾಮನ ಮಡಿಲಿಗೆ ಬಂತು. ಕಂಬಿ ಹಿಡಿದು ಜೋಲಾಡುತ್ತಿದ್ದ ಸುಮೇಧಾ ಮನಸ್ಸಿನಲ್ಲೇ ನಿರ್ಧರಿಸಿದಳು. ಕೊಂಡುಬಿಡುತ್ತೇನೆ. ಅಜಯ್ ತನಗಾಗಿ ಒಂದು ಕರ್ಚೀಫನ್ನೂ ಕೇಳಿದವನಲ್ಲ. ಆಸೆಪಟ್ಟದ್ದು ಇದೊಂದನ್ನೇ. ಅದನ್ನೂ ತಾನು ಹಸಿವಿಗೆ ಮಾರಿಕೊಂಡೆ ಎಂದಾಗಬಾರದು. ಗುಂಡು ಯಾರಿಗೆಂದು ಇಟ್ಟಿದ್ದನೋ, ತಿಳಿದರೆ ತಿಳಿಯಲಿ.

ಗುರುಚರಣ ರೈಲ್ವೆಯಲ್ಲಿದ್ದವರು. ಅವರ ಮನೆಯ ಗೋಡೆಯ ತುಂಬ ಶೂಟಿಂಗ್ ಪದಕಗಳು ತೂಗುತ್ತಿದ್ದವು. ಅವರು ಪಂಚೆಯ ತುಂಡಿನಲ್ಲಿ ಸುತ್ತಿದ್ದನ್ನು ಕೂಸಿನ ಹಾಗೆ ಎತ್ತಿ ತಂದು ಬಿಚ್ಚಿದರು. ಕಪ್ಪಗೆ, ಅಂಗೈಯಗಲ. ತಿರುಮಲೇಶ ಮಾಮ ಮೆಲ್ಲಗೆ ಬಾಗಿಲ ಹಿಂದಕ್ಕೆ ಸರಿದರು.

"ಭಯ ಪಡಬೇಡಿ ಸ್ವಾಮಿ. ಗಾಳಿ ಪಿಸ್ತೂಲು. ಲೈಸೆನ್ಸೂ ಬೇಡ, ಏನೂ ಬೇಡ."

ಸುಮೇಧಾ ಅದನ್ನು ಕೈಗೆತ್ತಿಕೊಂಡಳು. ಎಣಿಸಿದ್ದಕ್ಕಿಂತ ತೂಕವಿತ್ತು. ಕೇಳಿದಳು. "ಯಾರನ್ನ ಹೊಡೆಯೋಕೆ ಅಂತ ಹೇಳಿದ್ರಾ?"

"ನಿಮಗೆ ಹೇಳ್ಲಿಲ್ವಾ? ಒಂದು ಕಾಗೆ."

"ಕಾಗೆಯಾ?" ಎಂದರು ಮಾಮಿ.

"ಅಂಗಳದ ಬಾದಾಮಿ ಮರದಿಂದ ಕಾಗೆ ಮರಿ ಬಿದ್ದಿತ್ತಂತೆ. ಇವರು ಎತ್ತಿ ವಾಪಸ್ ಗೂಡಿಗೆ ಇಡಕ್ಕೆ ಹೋದ್ರಂತೆ. ತಾಯಿಗೆ ಅದು ಹೇಗೆ ಗೊತ್ತಾಗ್ಬೇಕು? ಆವತ್ತಿಂದ ಶುರು. ತಾರಸಿಗೆ ಹೋದ್ರೆ ನೆತ್ತಿಗೆ, ಗೇಟಿಗೆ ಬಂದ್ರೆ ನೆತ್ತಿಗೆ. ರಕ್ತ ಬರೋ ಹಾಗೆ ಕುಕ್ಕಿತ್ತು."

ಏಳಡಿ ಬಾಗಿಲು! ಸುಮೇಧಾ ತಲೆ ತಗ್ಗಿಸಿದಳು.

"ಹಕ್ಕಿಗೆ ಹೊಡೀಬಾರದು ಸರ್ ಅಂದೆ. ಹೊಡಿಯಲ್ಲ, ಒಂದು ಸಲ ತೋರಿಸ್ತೀನಿ, ನನಗೂ ಒಬ್ಬರು ಹೆದರೋದು ಬೇಡ್ವಾ ಅಂದ್ರು. ಹಿತ್ತಲಲ್ಲಿ ಡಬ್ಬಿ ಇಟ್ಟು ಹೊಡೆಸಿದೆ. ಡಬ್ಬಿ ಬಿಟ್ಟು ನಮ್ಮನೆಯವಳ ಉಪ್ಪಿನಕಾಯಿ ಜಾಡಿ ಒಡೆದ್ರು. ಆ ಗುರಿ ನೋಡಿ ಕಾಗೆ ದೀರ್ಘಾಯುಸ್ಸು ಅಂದ್ಕೊಂಡೆ." ಗುರುಚರಣ ನಕ್ಕರು, ಮರುಕ್ಷಣ ನಗುವನ್ನು ನುಂಗಿಕೊಂಡರು. "ಬಸ್ಸಲ್ಲಿ ಹೆಲ್ಮೆಟ್ ಹಾಕ್ಕೊಂಡೇ ಬಂದಿದ್ರು ಅಮ್ಮಾ, ತೆಗೆಯೋದೇ ಮರ್ತಿದ್ರು. ಕೆಂಪು ಬಣ್ಣದ್ದು. ಯಾರೋ ತಿರುಮಲೇಶ ಅನ್ನೋರದಂತೆ. ನಾಳೆ ಕೊಡ್ತೀನಿ ಅಂತ ತಂದಿದ್ದು, ಕೊಡಕ್ಕಾಗ್ತಿಲ್ಲ, ಮುಖ ತೋರಿಸಕ್ಕೆ ನಾಚಿಕೆ ಆಗತ್ತೆ, ಮೊದ್ಲು ಅದು ವಾಪಸ್ ಕೊಡ್ಬೇಕು ಅಂತ ಬಾರಿ ಬಾರಿಗೂ ಹೇಳ್ತಿದ್ರು."

ಇಬ್ಬರು ಹೆಂಗಸರೂ ಬಾಗಿಲ ಕಡೆ ತಿರುಗಿದರು. ತಿರುಮಲೇಶ ಮಾಮ ಸೂರಿನ ಹಲ್ಲಿಯನ್ನು ಗಮನವಿಟ್ಟು ನೋಡುತ್ತಿದ್ದರು.

"ಸಾವಿನ ಮನೇಲಿ ಹೆಲ್ಮೆಟ್ ಕೇಳೋದು ಹೇಗಮ್ಮಾ?" ಎಂದರು ಕೊನೆಗೆ. "ದಿನಾ ಕೇಳ್ಬೇಕು ಅಂತಾನೇ ಬರ್ತಿದ್ದೆ. ನಿನ್ನ ಮುಖ ನೋಡಿ ಬಾಯಿ ಬರ್ತಿರ್ಲಿಲ್ಲ. ಅಷ್ಟರಲ್ಲಿ ಪೊಲೀಸರು ಎರಡು ಸಲ ಹಿಡಿದ್ರು."

ಅಂಬುಜಾ ಮಾಮಿಗೆ ಆಗ ಬೇರೆಯೇ ದಿಗಿಲು ಹತ್ತಿತು. "ಅಂದ್ರೆ... ನಿನ್ನೆ ತಾರಸಿಗೆ ಬಂದದ್ದು ಅದೇ ಕಾಗೆ. ಅದನ್ನ ಹೊಡೀಬೇಕು ಅನ್ನೋ ಆಸೆ ತೀರಿಸ್ತೀನಿ ಅಂತ ಅದಕ್ಕೇ ಮಾತು ಕೊಟ್ಟಿದೀಯಾ! ಕಾಗೆ ರೂಪದಲ್ಲಿ ಬಂದದ್ದು ಅಜಯ್ ಅಂತಾದ್ರೆ, ಈಗ ಅಜಯ್‌ನನ್ನೇ... ರಾಮ ರಾಮ!"

"ಪಿಸ್ತೂಲಿನ ಮಾತೇ ಬೇಡ!" ತಿರುಮಲೇಶ ಮಾಮ ಹುರುಪಿನಿಂದ ಮುಂದೆ ಬಂದರು. "ಅವನ ಆಸೆ ಹೆಲ್ಮೆಟ್ ವಾಪಸ್ ಕೊಡೋದು. ಇವರೇ ಹೇಳಿದ್ರಲ್ಲ!"

ಆ ದಿನದಲ್ಲಿ ಮೊದಲ ಸಲ ಮಾಮಿ ಅವರ ಮಾತಿಗೆ ಹೂಂ ಎಂದರು. ಸುಮೇಧಾ ಪಿಸ್ತೂಲನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಗುರುಚರಣರ ಕೈಗಿಟ್ಟಳು. ಉಪ್ಪಿನಕಾಯಿ ಜಾಡಿಗಾಗಿ ಅವರ ಹೆಂಡತಿಯ ಕ್ಷಮೆ ಕೇಳಿದಳು.

ಮನೆಗೆ ಮರಳಿದ ಮೇಲೆ, ಸಂಜೆ, ಕೆಂಪು ಹೆಲ್ಮೆಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ನೆತ್ತಿಯ ಮೇಲೆ ಸಣ್ಣ ಸಣ್ಣ ಕುಕ್ಕಿದ ಗುರುತುಗಳಿದ್ದವು. ಒಳಗೆ ಅವನ ತೆಂಗಿನೆಣ್ಣೆಯ ವಾಸನೆ. ಕೈಯಲ್ಲಿ ಹಿಡಿದು ಎ ಬ್ಲಾಕಿನ ಹಿಂಬಾಗಿಲಿನಿಂದ ಅಂಗಳಕ್ಕಿಳಿದಳು. ಬಿ ಬ್ಲಾಕು ಬಾದಾಮಿ ಮರದ ಆಚೆ.

ನಾಲ್ಕು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಕಿವಿಯ ಪಕ್ಕದಲ್ಲಿ ಸರ್ರನೆ ಗಾಳಿ ಸೀಳಿತು. ಕಾಗೆ ಹೆಲ್ಮೆಟ್ಟನ್ನು ಮರೆತಿರಲಿಲ್ಲ. ಸುಮೇಧಾ "ಅಮ್ಮಾ" ಎಂದು ಕಿರುಚಿ ಅದನ್ನು ತಲೆಗೆ ಹಾಕಿಕೊಂಡು ಓಡಿದಳು. ಟಕ್, ಟಕ್ ಎಂದು ನೆತ್ತಿಯ ಮೇಲೆ ಬಡಿಯುತ್ತಲೇ ಇತ್ತು. ವಾಚ್‌ಮನ್ ಮತ್ತೊಮ್ಮೆ ಎದ್ದು ನಿಂತ. ಬಾಲ್ಕನಿಗಳಲ್ಲಿ ಜನ ಸೇರಿದರು. ಕಲಾವತಿಯ ನಗು ಎಲ್ಲಕ್ಕಿಂತ ಮೇಲೆ ಕೇಳಿಸಿತು. ಥೇಟ್ ತನ್ನದೇ ನಗುವಿನ ಹಾಗಿತ್ತು.

ತಿರುಮಲೇಶ ಮಾಮ ಬಾಗಿಲು ತೆರೆದರು. ಅವಳು ಏದುಸಿರು ಬಿಡುತ್ತ ಹೆಲ್ಮೆಟ್ ತೆಗೆದು ಎರಡೂ ಕೈಯಿಂದ ಕೊಟ್ಟಳು. "ತಡವಾಯ್ತು ಮಾಮ. ಅವರ ಪರವಾಗಿ ಕ್ಷಮಿಸಿ."

"ಛೆ ಛೆ, ಇದೇನಮ್ಮಾ ದೊಡ್ಡದು" ಎನ್ನುತ್ತ ಅವರು ಅದನ್ನು ಗಬಕ್ಕನೆ ಇಸಿದುಕೊಂಡು ಗೋಡೆಯ ಮೊಳೆಗೆ ತೂಗುಹಾಕಿದರು.

ಮಾತು ತೀರಿತು. ಎದೆಯ ಮೇಲಿನ ಭಾರ ಇಳಿದ ಹಾಗಾಗಿ ಸುಮೇಧಾ ಹಿಂತಿರುಗಿದಳು. ಹೊಸ್ತಿಲಲ್ಲೇ ನಿಂತಳು.

ಎದುರಿಗೆ ಅಂಗಳ. ಅದರಾಚೆ ಅವಳ ಮನೆ. ನಡುವಿನ ಮರದ ತಗ್ಗಿನ ಕೊಂಬೆಯ ಮೇಲೆ ಕಾಗೆ ಕುತ್ತಿಗೆ ಓರೆ ಮಾಡಿ ಅವಳ ಬರಿ ತಲೆಯನ್ನೇ ನೋಡುತ್ತಿತ್ತು.

ಅಜಯ್ ಹೆಲ್ಮೆಟ್ ಏಕೆ ವಾಪಸ್ ಕೊಟ್ಟಿರಲಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಇಷ್ಟು ದಿನ ಎಲ್ಲಿತ್ತೋ ಅಳು, ಕಣ್ಣು ತುಂಬಿ ಧಾರೆಯಾಗಿ ಹರಿಯತೊಡಗಿತು.

"ಅಯ್ಯೋ, ಅಳಬೇಡಮ್ಮಾ" ಎಂದು ಗಾಬರಿಯಾದರು ತಿರುಮಲೇಶ ಮಾಮ. "ಏನು ಬೇಕು ಹೇಳು, ಸಂಕೋಚ ಬೇಡ."

ಸುಮೇಧಾ ಸೆರಗಿನಿಂದ ಮೂಗೊರೆಸಿಕೊಂಡಳು. ಗೋಡೆಯ ಮೊಳೆಯ ಕಡೆ ನೋಡಿದಳು. ಅವರ ಮುಖ ನೋಡುವ ಧೈರ್ಯವಾಗದೆ ನೆಲವನ್ನು ನೋಡುತ್ತ ಹೇಳಿದಳು.

"ಮಾಮ, ಆ ಹೆಲ್ಮೆಟ್ ಒಂಚೂರು ಕೊಡ್ತೀರಾ? ನಾಳೆ ತಂದ್ಕೊಡ್ತೀನಿ."