ಡಯಟ್‌ಗೆ ಆರ್ಡರ್ ಆಯಿತು

ಇನ್ನೆರಡು ತಿಂಗಳಲ್ಲಿ ನನಗೊಂದು ತೊಡೆ ಬಂದೇ ಬರುತ್ತದೆ ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ಮೂರನೇ ಸಲ ಬಡಿಸಿದ ಪುಳಿಯೋಗರೆಯ ಮುಂದೆ ಕೂತು.

ತೊಡೆ ಇಲ್ಲದ ಮನುಷ್ಯ ಎಲ್ಲಾದರೂ ಉಂಟೇ ಎಂದು ನೀವು ಕೇಳಬಹುದು. ಉಂಟು ಸ್ವಾಮಿ, ಹಳೇಬೀಡಿನಲ್ಲೇ ಉಂಟು! ನಿಂತಾಗ ನನಗೂ ಎಲ್ಲರಂತೆ ಎರಡು ತೊಡೆಗಳಿವೆ. ಕೂತ ತಕ್ಷಣ ಹೊಟ್ಟೆ ಬಂದು ಅವುಗಳ ಮೇಲೆ ತಾನು ಕೂತುಬಿಡುತ್ತದೆ. ಸೊಂಟ ಹೇಗಿರಬೇಕು ಎಂದು ನೂರಾರು ವರ್ಷದಿಂದ ಕಲ್ಲಿನಲ್ಲಿ ಕೆತ್ತಿ ತೋರಿಸಿರುವ ತಾಲ್ಲೂಕಿನಲ್ಲಿ ಹುಟ್ಟಿಯೂ ನನಗೆ ಬುದ್ಧಿ ಬಂದಿರಲಿಲ್ಲ. ಪಾಠ ಮಾಡುವುದಕ್ಕೆ ತೊಡೆ ಏಕೆ ಬೇಕು? ಸರ್ಕಾರಿ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಗಂಟಲೊಂದಿದ್ದರೆ ಸಾಕು ಎಂದುಕೊಂಡು ಆರಾಮವಾಗಿದ್ದೆ.

ತೊಂದರೆ ಶುರುವಾದದ್ದು ಮಗಳು ಮೇಧಿನಿಗೆ ಮದುವೆ ಗೊತ್ತಾದ ಮೇಲೆ. ನಮ್ಮ ಅಯ್ಯಂಗಾರರ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಹುಡುಗಿ ಅಪ್ಪನ ತೊಡೆಯ ಮೇಲೆ ಕೂರಬೇಕು. ಚಿಕ್ಕವಳಿದ್ದಾಗ ಮೇಧಿನಿ ನನ್ನ ತೊಡೆ ಬಿಟ್ಟರೆ ಬೇರೆಲ್ಲೂ ಕೂತು ಊಟ ಮಾಡುತ್ತಿರಲಿಲ್ಲ. ಆಮೇಲೆ ಅವಳು ಬೆಳೆದಳು, ನಾನೂ ಬೆಳೆದೆ. ಕೊನೆಯದಾಗಿ ಇನ್ನೊಂದೇ ಒಂದು ಸಲ ಅವಳು ಅಲ್ಲಿ ಬಂದು ಕೂರುತ್ತಾಳೆ ಅನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ ನನ್ನಾಕೆ ಆಂಡಾಳ್‌ಗೆ ಗಂಟಲು ಕಟ್ಟುವ ಅಭ್ಯಾಸವಿಲ್ಲ.

"ಕೂರೋಕೆ ಜಾಗ ಎಲ್ರೀ ಇದೆ? ದೇವಸ್ಥಾನದ ಬಾಗಿಲಲ್ಲಿ ಕೂತಿರೋ ಗಣಪತಿಗೂ ನಿಮಗೂ ಏನು ವ್ಯತ್ಯಾಸ? ಅವನ ಹೊಟ್ಟೆಗೆ ಹಾವು ಸುತ್ತೋಕಾದ್ರೂ ಆಯ್ತು, ನಿಮಗೆ ಬೆಲ್ಟೂ ಸಾಲಲ್ಲ" ಎಂದಳು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ತೊಡೆ ತಯಾರಾಗದಿದ್ದರೆ ತನ್ನ ತಮ್ಮ ನಂದಕಿಶೋರನ ತೊಡೆಯ ಮೇಲೆ ಕೂರಿಸುವುದಾಗಿ ಹೇಳಿದಳು. ಸೋದರಮಾವ ತಾನೇ, ಶಾಸ್ತ್ರಕ್ಕೆ ಅಡ್ಡಿಯಿಲ್ಲವಂತೆ. ನಂದಕಿಶೋರ! ಆ ಕಡ್ಡಿ ಪೈಲ್ವಾನ! ಬೇಲೂರಿನಿಂದ ಬಸ್ಸಿನಲ್ಲಿ ಬರುವಾಗ ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಾಗಿ ಕೂತು ಬರುವ ಪ್ರಾಣಿ. ನನ್ನ ಮಗಳು ಅವನ ತೊಡೆಯ ಮೇಲೆ ಕೂರುವುದು, ನಾನು ಪಕ್ಕದಲ್ಲಿ ನಿಂತು ಬೀಸಣಿಗೆ ಬೀಸುವುದು. ಆಗಲೇ ಪುಳಿಯೋಗರೆಯ ಎಲೆಯನ್ನು ಮಡಿಸಿದೆ. (ಮುಗಿದಿತ್ತು, ಅದು ಬೇರೆ ವಿಷಯ.)

"ಸೋಮವಾರದಿಂದ ಡಯಟ್!" ಎಂದೆ.

ಆಂಡಾಳ್ ತಕ್ಷಣ ಆರ್ಡರ್ ಹೊರಡಿಸಿದಳು. ಬೆಳಿಗ್ಗೆ ಎರಡೇ ಇಡ್ಲಿ. ಮಧ್ಯಾಹ್ನ ಒಂದು ಸೌಟು ಅನ್ನ, ತಿಳಿ ಸಾರು. ರಾತ್ರಿ ಸೌತೆಕಾಯಿ. ಹೊರಗೆ ಯಾರ ಮನೆಯಲ್ಲೂ ಏನೂ ಬಾಯಿಗೆ ಹಾಕಕೂಡದು.

ಸೋಮವಾರ ಹನ್ನೊಂದರ ಹೊತ್ತಿಗೇ ನನಗೆ ಕಪ್ಪುಹಲಗೆಯ ಮೇಲಿನ ಭಾರತದ ಭೂಪಟ ದೋಸೆಯ ಹಾಗೆ ಕಾಣತೊಡಗಿತ್ತು. ಸ್ಟಾಫ್ ರೂಮಿಗೆ ಬಂದರೆ ಗಣಿತದ ಚನ್ನೇಶ್ ಮೈಸೂರುಪಾಕಿನ ಡಬ್ಬ ಹಿಡಿದು ನಿಂತಿದ್ದಾನೆ. ಮಾದಿಹಳ್ಳಿಯಲ್ಲಿ ಅವನ ಹೊಸ ಮನೆಗೆ ಆರ್‌ಸಿಸಿ ಹಾಕಿದ ಖುಷಿಗೆ. ನಾನು ಮುಖ ಆಚೆ ತಿರುಗಿಸಿ, ಜನ್ಮದಲ್ಲಿ ಮೊದಲ ಬಾರಿಗೆ ಸಿಹಿ ಬೇಡವೆಂದೆ.

"ಯಾಕೆ ಸಾರ್?"

"ಡಯಟ್ ಕಣಪ್ಪ. ಇವತ್ತಿನಿಂದ."

ಚನ್ನೇಶ್ ಡಬ್ಬ ಮೇಜಿನ ಮೇಲಿಟ್ಟ. "ಹೌದಾ ಸಾರ್? ಆರ್ಡರ್ ಆಯ್ತಾ?"

"ಆಯ್ತು. ಮೇಲಿನಿಂದಲೇ ಆಗಿದೆ, ಮೀರೋ ಹಾಗಿಲ್ಲ."

"ಎಷ್ಟು ದಿನಕ್ಕೆ?"

"ಸದ್ಯಕ್ಕೆ ಎರಡು ತಿಂಗಳು. ಹೊಂದಿಕೊಂಡರೆ ಆಮೇಲೆ ಪರ್ಮನೆಂಟೇ ಆಗಬಹುದು" ಎಂದು ನಿಟ್ಟುಸಿರು ಬಿಟ್ಟೆ.

ಇಲಾಖೆಯ ಹೊರಗಿನ ಓದುಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಮೇಷ್ಟ್ರುಗಳ ಲೋಕದಲ್ಲಿ ‘ಡಯಟ್’ ಅಂದರೆ ಊಟ ಬಿಡುವುದಲ್ಲ. ಹಾಸನದಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಕರೆಯುವುದೇ ಡಯಟ್ ಎಂದು. ಮೇಷ್ಟ್ರುಗಳಿಗೇ ಪಾಠ ಹೇಳುವ ಮೇಷ್ಟ್ರುಗಳು ಇರುವ ಜಾಗ ಅದು. ಅಲ್ಲಿಗೆ ಹಾಕಿದರು ಎಂದರೆ ನಮ್ಮಲ್ಲಿ ದೊಡ್ಡ ಮರ್ಯಾದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಇದು ನನಗೆ ಗೊತ್ತಿಲ್ಲವೆ? ಗೊತ್ತಿತ್ತು. ಆದರೆ ಹೊಟ್ಟೆ ಹಸಿದವನಿಗೆ ಇಲಾಖೆ ಎಲ್ಲಿ ನೆನಪಾಗುತ್ತದೆ!

ಮುಂದಿನ ಪೀರಿಯಡ್ಡಿಗೆ ಹೆಡ್‌ಮಾಸ್ಟರ್ ಗಂಗಾಧರಯ್ಯನವರೇ ನನ್ನ ಕ್ಲಾಸಿಗೆ ಬಂದು ಕೈ ಹಿಡಿದುಕೊಂಡರು.

"ತುಂಬ ಸಂತೋಷ, ಪಾರ್ಥಸಾರಥಿಗಳೇ. ಡಯಟ್ ಅಂದ್ರೆ ನಿಮ್ಮಂಥ ತೂಕದ ಮನುಷ್ಯರಿಗೇ ಸರಿ" ಎಂದರು.

ಮಕ್ಕಳ ಎದುರಿಗೆ ಹೀಗನ್ನುವುದೇ? ನನಗೆ ಕೆಟ್ಟ ಕೋಪ ಬಂತು. ನಾನು ಯಾವತ್ತೋ ಡಯಟ್‌ಗೆ ಹೋಗಬೇಕಾಗಿತ್ತು, ತಡವಾಯಿತು, ಎಲ್ಲರೂ ಮೊದಲಿನಿಂದ ಅದನ್ನೇ ಮಾತಾಡಿಕೊಳ್ಳುತ್ತಿದ್ದರು ಎಂದೂ ಸೇರಿಸಿದರು. ಇಡೀ ಶಾಲೆ ನನ್ನ ಹೊಟ್ಟೆಯ ಬಗ್ಗೆ ಸಭೆ ಸೇರಿ ಚರ್ಚೆ ಮಾಡಿದೆ ಎಂದುಕೊಂಡು ನಾನು ಮುಖ ಊದಿಸಿಕೊಂಡೆ. ಅದೊಂದು ಊದುವುದು ಬಾಕಿಯಿತ್ತು.

ನಿಜ ಗೊತ್ತಾದದ್ದು ಮಧ್ಯಾಹ್ನ, ಬಿಸಿಯೂಟದ ಅಡುಗೆಮನೆಯ ಬಾಗಿಲಲ್ಲಿ. ಮಕ್ಕಳಿಗೆ ಬಡಿಸುವ ಮುಂಚೆ ಮೇಷ್ಟ್ರೊಬ್ಬರು ರುಚಿ ನೋಡಬೇಕೆಂಬುದು ನಿಯಮ. ಆ ಕಷ್ಟದ ಕೆಲಸವನ್ನು ಮೊದಲಿನಿಂದಲೂ ನಾನೇ ವಹಿಸಿಕೊಂಡಿದ್ದೆ. ಇವತ್ತು ಒಂದೇ ಒಂದು ಚಮಚ ಎಂದು ಮನಸ್ಸಿನಲ್ಲೇ ಆಂಡಾಳ್‌ಗೆ ಮಾತು ಕೊಟ್ಟು ಕೈ ಚಾಚಿದೆ.

"ಸಾ, ಡಯಟ್ಗೆ ಹೋಯ್ತೀರಂತಲ್ಲ. ಹಾಸ್ನದಾಗೆ ಮನೆ ಮಾಡ್ತೀರಾ, ಇಲ್ಲ ಬಸ್ಸಲ್ಲೇ ಓಡಾಡ್ತೀರಾ?" ಎಂದು ಕೇಳಿದಳು ಅಡುಗೆಯ ದೇವೀರಮ್ಮ.

ಸೌತೆಕಾಯಿ ತಿನ್ನೋದಕ್ಕೆ ಹಾಸನಕ್ಕೇಕೆ ಹೋಗಬೇಕು ಎಂದು ಕೇಳಲು ಬಾಯಿ ತೆರೆದೆ. ಆಗ ಎಲ್ಲವೂ ಒಟ್ಟಿಗೇ ಹೊಳೆಯಿತು. ಆರ್ಡರ್ರು, ಎರಡು ತಿಂಗಳು, ತೂಕದ ಮನುಷ್ಯ! ಅಯ್ಯೋ, ಹಾಗಲ್ಲ ದೇವೀರಮ್ಮ ಎನ್ನಬೇಕು, ಅಷ್ಟರಲ್ಲಿ ತೆರೆದ ಬಾಯಿಗೆ ಅವಳು ಒಂದು ಸೌಟು ಗೋಧಿ ಪಾಯಸ ಸುರಿದಳು. ನನಗೋಸ್ಕರವೇ ಬೇರೆ ಮಾಡಿದ್ದಳಂತೆ. ಬಾಯಿ ತುಂಬಿರುವಾಗ ಸತ್ಯ ಹೇಳುವುದು ಹೇಗೆ?

ಅಲ್ಲಿಂದ ಮುಂದೆ ಪ್ರತಿ ದಿನ ಇದೇ ಕಥೆ. ಸತ್ಯ ಹೇಳಬೇಕೆಂದು ನಾನು ಬಾಯಿ ತೆರೆಯುವುದು, ಯಾರಾದರೊಬ್ಬರು ಅದಕ್ಕೆ ಸಿಹಿ ಹಾಕುವುದು. ಕೊಬ್ಬು ಕರಗಲಿ ಎಂದು ಬೆಳಿಗ್ಗೆ ಬಸ್ತಿಹಳ್ಳಿಯ ಬಸದಿಯವರೆಗೆ ನಡೆದು ಹೋದರೆ, ದಾರಿಯುದ್ದಕ್ಕೂ ಹಳೇ ವಿದ್ಯಾರ್ಥಿಗಳು ತಡೆದು ನಿಲ್ಲಿಸಿ ಹೋಟೆಲಿಗೆ ಎಳೆಯುತ್ತಿದ್ದರು. ಹಗರೆಯಿಂದ ಒಬ್ಬ ಪೋಷಕರು ಗಟ್ಟಿ ಮೊಸರು ತಂದು ಇಟ್ಟು ಹೋದರು. ಗಂಗಾಧರಯ್ಯನವರು ಅರಸೀಕೆರೆ ಕಡೆಯ ತೆಂಗಿನ ತೋಟದವರು. ಅವರ ಮನೆಯಾಕೆ ಮಹದೇವಮ್ಮನವರು ಡಬ್ಬದ ತುಂಬ ಕೊಬ್ಬರಿ ಮಿಠಾಯಿ ಕಳಿಸಿದರು. ಕೊಬ್ಬು ಇಳಿಸಲು ಹೊರಟವನಿಗೆ ಕೊಬ್ಬರಿ!

ಇನ್ನೂ ಒಂದು ವಿಷಯವಿದೆ, ಮುಚ್ಚಿಡುವುದಿಲ್ಲ. ನನಗೆ ಅದು ಹಿಡಿಸತೊಡಗಿತ್ತು. ನಿನ್ನೆಯವರೆಗೂ ‘ಮೇಷ್ಟ್ರೇ, ಸ್ವಲ್ಪ ಆ ಕಡೆ ಸರೀರಿ’ ಅನ್ನುತ್ತಿದ್ದವರು ಈಗ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು. ನಾಳೆ ಹೇಳಿದರಾಯಿತು, ಇವತ್ತು ಈ ಹೋಳಿಗೆ ಮುಗಿಸೋಣ ಎಂದುಕೊಳ್ಳುತ್ತಿದ್ದೆ. ಮನೆಗೆ ಬಂದು ಸೌತೆಕಾಯಿಯನ್ನು ಭಕ್ತಿಯಿಂದ ತಿನ್ನುತ್ತಿದ್ದೆ. ಇಷ್ಟು ಕಟ್ಟುನಿಟ್ಟಾಗಿದ್ದರೂ ಅಂಗಿಯ ಗುಂಡಿ ಏಕೆ ಕಿತ್ತು ಬರುತ್ತಿದೆ ಎಂದು ಆಂಡಾಳ್ ಕೇಳಿದ್ದಕ್ಕೆ, ದಾರ ಸರಿಯಿಲ್ಲ ಎಂದೆ. ಮೇಧಿನಿ ಮಾತ್ರ ದಿನಾ ಸಂಜೆ ಬಂದು ನನ್ನ ಮಡಿಲನ್ನೊಮ್ಮೆ ನೋಡಿ, ‘ಸ್ವಲ್ಪ ಜಾಗ ಆದ ಹಾಗಿದೆ ಅಪ್ಪ’ ಎಂದು ಸುಳ್ಳು ಹೇಳಿ ಹೋಗುತ್ತಿದ್ದಳು. ಆಗ ಮಾತ್ರ ತಿಂದದ್ದು ಅರಗುತ್ತಿರಲಿಲ್ಲ.

ಕೊನೆಗೆ ಬೀಳ್ಕೊಡುಗೆ ಸಮಾರಂಭವೂ ಗೊತ್ತಾಯಿತು. ಗಂಗಾಧರಯ್ಯನವರು ನನ್ನನ್ನು ಕೇಳದೆ ಮನೆಗೇ ಫೋನ್ ಮಾಡಿ, ಸಾರ್ ಅವರ ಡಯಟ್ ಸಲುವಾಗಿ ಒಂದು ಚಿಕ್ಕ ಕಾರ್ಯಕ್ರಮ, ಶಾಲು ಹೊದಿಸುತ್ತೇವೆ, ತಾವೂ ಬರಬೇಕು ಎಂದು ಆಂಡಾಳ್‌ಗೆ ಹೇಳಿಬಿಟ್ಟರು. ನಾನು ಮನೆಗೆ ಬರುವಷ್ಟರಲ್ಲಿ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಒಂದು ಹೊತ್ತು ಅನ್ನ ಬಿಟ್ಟಿದ್ದಕ್ಕೆ ಶಾಲು ಹಾಕ್ತಾರೇನ್ರೀ? ಮದುವೆಯಾದಾಗಿನಿಂದ ಏಕಾದಶಿ ಉಪವಾಸ ಮಾಡ್ತಿದ್ದೀನಿ, ಒಬ್ಬರೂ ಒಂದು ಕರ್ಚೀಫೂ ಹಾಕಿಲ್ಲ."

ಸರ್ಕಾರದ ಹೊಸ ಯೋಜನೆ ಎಂದೆ.

ಸಮಾರಂಭದ ದಿನ ನನ್ನನ್ನು ವೇದಿಕೆಯ ನಡುವೆ ಕೂರಿಸಿದರು. ಹೊದಿಸಿದ ಶಾಲು ಮೈಸುತ್ತ ಬಂದು ಎರಡು ತುದಿಗಳು ಹೊಟ್ಟೆಯ ಮೇಲೆ ಹೇಗೋ ಮುಟ್ಟಿಕೊಂಡವು. ಚನ್ನೇಶ್ ಮಾತಾಡುತ್ತಾ, ಪಾರ್ಥಸಾರಥಿ ಸಾರ್ ಹೋದರೆ ನಮ್ಮ ಶಾಲೆಯ ದೊಡ್ಡ ಭಾಗವೇ ಹೋದಂತೆ ಎಂದ. ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿದ್ದ ಆಂಡಾಳ್ ಮಾತ್ರ ಹುಬ್ಬು ಗಂಟಿಕ್ಕಿಕೊಂಡು, ಎಲ್ಲಿಗೆ ಹೋಗ್ತಾರೆ ಎಂದು ಪಕ್ಕದವರನ್ನು ಕೇಳುತ್ತಿದ್ದಳು.

ಅಷ್ಟರಲ್ಲಿ ಬೇಲೂರಿನ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಆಫೀಸಿನಿಂದ ಅತಿಥಿಯಾಗಿ ಬಂದಿದ್ದ ಉದಯಕುಮಾರ್ ಮೈಕಿನ ಮುಂದೆ ನಿಂತರು. ಕಾಗದ ಪತ್ರದಲ್ಲಿ ಶಿಸ್ತಿನ ಮನುಷ್ಯ. ಆಫೀಸಿಗೆ ಇನ್ನೂ ಏನೂ ಬಂದಿಲ್ಲ, ಆರ್ಡರ್ ಕಾಪಿ ಕೊಟ್ಟರೆ ಇವತ್ತೇ ರಿಲೀವ್ ಮಾಡಿಸಿಬಿಡುತ್ತೇನೆ ಎಂದು ನನ್ನ ಕಡೆ ಕೈ ಚಾಚಿದರು.

ನಾನು ಎದ್ದು ಸತ್ಯ ಹೇಳಲು ಬಾಯಿ ತೆರೆದೆ. ಚನ್ನೇಶ್ ಅದಕ್ಕೆ ಮೈಸೂರುಪಾಕು ಹಾಕಿದ.

"ಆರ್ಡರ್ ಯಾರು ಮಾಡಿದ್ದು ಸಾರ್? ಕಮಿಷನರ್ರಾ?" ಎಂದು ಉದಯಕುಮಾರ್ ಮತ್ತೆ ಕೇಳಿದರು.

ಆಂಡಾಳ್ ಎದ್ದು ನಿಂತಳು.

"ನಾನೇ ಮಾಡಿದ್ದು ಸಾರ್. ಬಾಯಲ್ಲೇ ಮಾಡಿದ್ದು, ಕಾಪಿ ಇಲ್ಲ. ಬೆಳಿಗ್ಗೆ ಎರಡು ಇಡ್ಲಿ, ರಾತ್ರಿ ಸೌತೆಕಾಯಿ."

ಮೊದಲು ನಕ್ಕವಳು ದೇವೀರಮ್ಮ. ಆಮೇಲೆ ನಗು ಮಕ್ಕಳ ಸಾಲಿಗೆ ಹಬ್ಬಿತು, ಅಲ್ಲಿಂದ ವೇದಿಕೆಗೆ ಬಂತು. ಉದಯಕುಮಾರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗಂಗಾಧರಯ್ಯನವರು ಮಾತ್ರ ನಗಲಿಲ್ಲ. ಮೆಲ್ಲಗೆ ನನ್ನ ಬಳಿ ಬಗ್ಗಿ, "ತಪ್ಪು ತಿಳೀಬೇಡಿ. ಶಾಲು ಕೊಟ್ಟುಬಿಡಿ, ನಮ್ಮ ಕ್ಲರ್ಕ್ ತಿಮ್ಮಯ್ಯನವರ ರಿಟೈರ್‌ಮೆಂಟಿಗೆ ಆಗುತ್ತೆ" ಎಂದರು. ಶಾಲು ಬಿಚ್ಚಿ ಕೊಟ್ಟೆ. ತಿಂದ ಹೋಳಿಗೆಯನ್ನು ಎಲ್ಲಿಂದ ಬಿಚ್ಚಿಕೊಡಲಿ?

ಮನೆಯಲ್ಲಿ ಆದದ್ದನ್ನು ಬರೆಯುವುದಿಲ್ಲ. ಆಂಡಾಳ್ ನಂದಕಿಶೋರನಿಗೆ ಫೋನ್ ಮಾಡಿ ಜರಿ ಪಂಚೆಯ ಅಳತೆ ಕೇಳಿದಳು ಎಂದಷ್ಟೇ ಹೇಳುತ್ತೇನೆ. ಇನ್ನುಳಿದ ದಿನಗಳಲ್ಲಾದರೂ ಸೌತೆಕಾಯಿಯ ಮೇಲೆ ಬದುಕುತ್ತೇನೆ ಎಂದು ಶಪಥ ಮಾಡಿದೆ. ಆದರೆ ಊರಿನವರು ಬಿಡಬೇಕಲ್ಲ! ಸಂತೋಷಕ್ಕೆ ತಿನ್ನಿಸಿದವರೆಲ್ಲ ಈಗ ಸಮಾಧಾನಕ್ಕೆ ತಿನ್ನಿಸಲು ಬಂದರು. ಪಾಪ, ಡಯಟ್ ತಪ್ಪಿಹೋಯಿತಂತೆ ಎಂದು ಕನಿಕರದಿಂದ ಒಬ್ಬರು ಕಜ್ಜಾಯ, ಇನ್ನೊಬ್ಬರು ಚಕ್ಕುಲಿ. ದೇವೀರಮ್ಮ ಮೊದಲಿಗಿಂತ ದೊಡ್ಡ ಸೌಟು ಹಿಡಿದಿದ್ದಳು. ಮನುಷ್ಯರ ಕನಿಕರ ಇಷ್ಟು ತುಪ್ಪದಲ್ಲಿ ಕರಿದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮದುವೆ ಬೇಲೂರಿನ ಛತ್ರದಲ್ಲಿ. ಮುಹೂರ್ತದ ಹೊತ್ತಿಗೆ ನಂದಕಿಶೋರ ಜರಿ ಪಂಚೆಯುಟ್ಟು ಆಗಲೇ ಮಣೆಯ ಹತ್ತಿರ ಸುಳಿದಾಡುತ್ತಿದ್ದ. ನಾನು ಕಂಬಕ್ಕೊರಗಿ ನಿಂತಿದ್ದೆ. ಬೀಸಣಿಗೆ ನನ್ನ ಕೈಯಲ್ಲೇ ಇತ್ತು. ಶಾಸ್ತ್ರಿಗಳು ಹುಡುಗಿಯ ತಂದೆ ಬರಬೇಕು ಎಂದು ಕರೆದಾಗ ಆಂಡಾಳ್ ತಮ್ಮನ ಕಡೆ ನೋಡಿದಳು. ಮೇಧಿನಿ ನನ್ನ ಕಡೆ ನೋಡಿದಳು.

"ಮಾವನ ತೊಡೆ ಮೂಳೆ ಚುಚ್ಚುತ್ತೆ ಅಮ್ಮ. ನಾನು ಅಪ್ಪನ ಹತ್ರನೇ ಕೂರೋದು."

ಹೇಗೆ ಹೋಗಿ ಮಣೆಯ ಮೇಲೆ ಕೂತೆನೋ ನನಗೇ ತಿಳಿಯದು. ಮಗಳು ಬಂದಳು. ನನ್ನಲ್ಲಿದ್ದ ತೊಡೆಯೆಂದರೆ ಮಂಡಿಯ ಈಚೆಗೆ ಒಂದು ಗೇಣು, ಅದರ ತುದಿಯಲ್ಲಿ ಕೂತಳು. ಜಾರಿದಳು, ನನ್ನ ಹೊಟ್ಟೆಗೆ ಬೆನ್ನಾನಿಸಿ ಗಟ್ಟಿಯಾಗಿ ಕೂತಳು. "ದಿಂಬಿದ್ದ ಹಾಗಿದೆ ಅಪ್ಪ" ಎಂದು ಪಿಸುಗುಟ್ಟಿದಳು. ತಾಳಿ ಕಟ್ಟುವಾಗ ನನಗೇನೂ ಕಾಣಿಸಲಿಲ್ಲ. ಮುಂದೆ ಅವಳ ಜಡೆಯ ಮಲ್ಲಿಗೆಯಿತ್ತು, ಕಣ್ಣಲ್ಲಿ ನೀರಿತ್ತು. ಈ ಜನ್ಮದಲ್ಲಿ ತಿಂದ ಪುಳಿಯೋಗರೆಯೆಲ್ಲ ಅವತ್ತು ಸಾರ್ಥಕವಾಯಿತು. ಡಯಟ್ ಗಿಯಟ್ ಎಲ್ಲ ಸುಳ್ಳು, ಮಗಳಿಗೊರಗಲು ಜಾಗ ಮಾಡಿಟ್ಟ ಅಪ್ಪನೇ ಅಪ್ಪ ಎಂದು ನಾನು ಎದೆಯುಬ್ಬಿಸಿಕೊಂಡು ಊಟದ ಹಾಲಿಗೆ ನಡೆದೆ.

ಬಾಗಿಲಲ್ಲೇ ಗಂಗಾಧರಯ್ಯನವರು ಸಿಕ್ಕಿದರು. ಕೈಯಲ್ಲಿ ಅದೇ ಶಾಲು. ತಿಮ್ಮಯ್ಯನವರಿಗೆ ಬೇರೆ ಕೊಂಡರಂತೆ, ನನ್ನ ಅಳತೆಗೆ ಸರಿಹೋದದ್ದು ಇದೊಂದೇ ಎಂದು ಎತ್ತಿಟ್ಟಿದ್ದರಂತೆ, ಈ ಸಲ ವಾಪಸು ಕೇಳುವುದಿಲ್ಲವಂತೆ. ಬೀಗರೆಲ್ಲ ನೋಡುತ್ತಿರುವಂತೆಯೇ ನನಗೆ ಹೊದಿಸಿದರು. ಮುಂದಕ್ಕೆ ಎಳೆದರು. ಇನ್ನೊಮ್ಮೆ ಎಳೆದರು. ಚನ್ನೇಶ್ ಆ ಕಡೆಯಿಂದ ಎಳೆದ. ಅವತ್ತು ಮುಟ್ಟಿಕೊಂಡಿದ್ದ ಎರಡು ತುದಿಗಳ ನಡುವೆ ಈಗ ಒಂದು ಬಾಳೆ ಎಲೆ ಹಾಸುವಷ್ಟು ಜಾಗವಿತ್ತು.

ಆಂಡಾಳ್ ಆ ಜಾಗವನ್ನು ಒಮ್ಮೆ ನೋಡಿದಳು. ಅಷ್ಟರಲ್ಲಿ ಯಾರೋ ನನ್ನ ಕೈಗಿಟ್ಟಿದ್ದ ಹೋಳಿಗೆಯನ್ನು ತೆಗೆದು, ಆಗಲೇ ಊಟಕ್ಕೆ ಕೂತಿದ್ದ ನಂದಕಿಶೋರನ ಎಲೆಗೆ ಹಾಕಿದಳು.

"ಆರ್ಡರ್ ಇನ್ನೂ ಕ್ಯಾನ್ಸಲ್ ಆಗಿಲ್ಲ. ನಾಳೆ ಬೆಳಿಗ್ಗೆ ಡ್ಯೂಟಿಗೆ ರಿಪೋರ್ಟ್ ಮಾಡ್ಕೊಳ್ಳಿ."